ಒಂಟಿ ಮನೆಯ ಎರಡನೇ ನಂಬರು

ತುರ್ತು ನೆರವು ಯೋಜನೆಯ ಮಾನ್ಯ ನಿರ್ದೇಶಕರೇ,

ಒತ್ತಿದರೆ ಆಂಬುಲೆನ್ಸ್ ಬರುತ್ತದೆಂದು ಒಂಟಿ ಹಿರಿಯರ ಕೊರಳಿಗೆ ನೀವು ಕಟ್ಟಿದ ಗುಂಡಿ, ನೀವು ರೂಪಿಸಿದಂತೆಯೇ ಕೆಲಸ ಮಾಡಿತು. ನನ್ನ ದೂರು ಅದೇ.

ನಮ್ಮ ಮೇಲಿನ ಮನೆಯ ಟೈಲರ್ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಗುಂಡಿ ಒತ್ತಿದರು. ಸುಳ್ಳು ಕರೆಗೆ ಗಾಡಿ ಓಡಬಾರದೆಂದು ನಿಮ್ಮ ಯಂತ್ರ ಮೊದಲು ಮನೆಯ ಇನ್ನೊಬ್ಬರಿಗೆ ಫೋನ್ ಮಾಡಿ ನಿಜವೇ ಎಂದು ಕೇಳುತ್ತದೆ; ಹೌದೆಂದರೆ ಮಾತ್ರ ಗಾಡಿ ಹೊರಡುತ್ತದೆ. ಅಕ್ಕನಿಗೆ ಇನ್ನೊಬ್ಬರಿಲ್ಲ. ಅರ್ಜಿಯಲ್ಲಿ ಆ ಎರಡನೇ ನಂಬರಿನ ಜಾಗ ಖಾಲಿ ಬಿಟ್ಟರೆ ಅದು ಮುಂದೆ ಹೋಗದೆಂದು ನಿಮ್ಮ ಸಿಬ್ಬಂದಿಯೇ ಅಲ್ಲಿ ಅಕ್ಕನದೇ ನಂಬರು ತುಂಬಿದ್ದರು. ಹಾಗಾಗಿ ಬಚ್ಚಲಲ್ಲಿ ಬಿದ್ದವರನ್ನು ವಿಚಾರಿಸಲು ಅವರ ಅಡುಗೆಮನೆಯ ಫೋನೇ ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಕೆಳಗೆ ಕೂತಿದ್ದ ನನಗೆ, ಅಕ್ಕನನ್ನು ಯಾರೋ ಇಷ್ಟೊಂದು ನೆನೆಸಿಕೊಳ್ಳುತ್ತಿದ್ದಾರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಫೋನ್ ಬಂದರೆ ಹೊಲಿಗೆ ಬಿಟ್ಟು ಓಡುವ ಹೆಂಗಸು ಯಾಕೆ ಎತ್ತುತ್ತಿಲ್ಲ ಎಂದು ಆಮೇಲೆ ಮೇಲೆ ಹೋದೆ. ಸದ್ಯ, ಚಿಲಕ ಹಾಕಿರಲಿಲ್ಲ.

"ಬಂದ್ರಾ ಮೇಷ್ಟ್ರೇ? ಮೊದ್ಲು ಹೋಗಿ ಆ ಫೋನಿಗೆ ಹೇಳಿ, ಬಿದ್ದಿರೋದು ನಾನೇ ಅಂತ."

ಹೇಳಿದೆ. ಗಾಡಿ ಬಂತು.

ಆಮೇಲೆ ಕೇಳಲೆಂದು ನಿಮ್ಮ ಕಚೇರಿಗೆ ಹೋದೆ; ಅಲ್ಲಿಯ ಎಂಜಿನಿಯರು ವಿನಯವಾಗಿಯೇ ವಿವರಿಸಿದರು. "ಫೋನ್ ಯಾರೂ ಎತ್ತದೇ ಇರೋ ಅಪಾಯಾನ ಮೊದಲೇ ಗುರುತಿಸಿದ್ವಿ ಸರ್. ಸಂಭವ ಕಡಿಮೆ ಅಂತ ವರದೀಲಿ ಹಾಕಿದೀವಿ."

"ಪರೀಕ್ಷೆ ಎಲ್ಲಿ ಮಾಡಿದ್ರಿ?"

"ಇದೇ ಹಾಲ್‌ನಲ್ಲಿ. ಒಬ್ರು ಒತ್ತಿದ್ರು, ಪಕ್ಕದವರು ಫೋನ್ ಎತ್ತಿದ್ರು. ಒಂದ್ಸಲಾನೂ ಫೇಲ್ ಆಗ್ಲಿಲ್ಲ."

ಪಕ್ಕದಲ್ಲೊಬ್ಬರಿದ್ದರೆ ಈ ಗುಂಡಿಯಾದರೂ ಏಕೆ ಬೇಕಿತ್ತು, ಮಾನ್ಯರೇ? ಕರೆಂಟು ಹೋದ ದೂರನ್ನು ಕಂಪ್ಯೂಟರಿನಲ್ಲೇ ಕೊಡಬೇಕೆಂದು ಹಿಂದೊಮ್ಮೆ ಅಪ್ಪಣೆಯಾಗಿತ್ತು. ನಿಮ್ಮವರು ಮರೆತಿರಬಹುದು, ಕತ್ತಲಲ್ಲಿ ಕೂತವರು ಮರೆತಿಲ್ಲ. ಒಂದೊಂದು ಭಾಗವೂ ಸರಿಯಿದ್ದು ಇಡೀ ವ್ಯವಸ್ಥೆ ಕೈಕೊಡುವುದು ಹೀಗೆಯೇ. ಅಪಾಯವನ್ನು ಗುರುತಿಸಿ ಬದಿಗಿಟ್ಟರೆ ಅದು ನಿರ್ವಹಣೆಯೇ? ಆ 'ಕಡಿಮೆ'ಯನ್ನು ಯಾರ ಮನೆಯಲ್ಲಿ ಕೂತು ಅಳೆದಿರಿ?

ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾರೆ. ಅವರ ಎರಡನೇ ನಂಬರು ನನ್ನದು, ನನ್ನ ಕೊರಳಿನ ಗುಂಡಿಗೆ ಎರಡನೇ ನಂಬರು ಅವರದು. "ನೀವು ಮೊದ್ಲು ಹೋಗ್ಬೇಡಿ ಮೇಷ್ಟ್ರೇ, ಮತ್ತೆ ಅರ್ಜಿ ತುಂಬೋಕೆ ನನ್ನ ಕೈಲಾಗಲ್ಲ" ಎನ್ನುತ್ತಾರೆ. ನಾನೂ ಅದನ್ನೇ ಅಂದುಕೊಳ್ಳುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ.

ಮುಂದಿನ ತಿಂಗಳು ಈ ಗುಂಡಿ ಊರಿಗೆಲ್ಲ ಬರುತ್ತದಂತೆ. ಅದಕ್ಕೆ ಮುಂಚೆ ನಿಯಮ ಬದಲಿಸಿ: ಯಾರೂ ಫೋನ್ ಎತ್ತದಿದ್ದರೆ ಗಾಡಿ ಹೊರಡಲಿ. ಆಮೇಲೆ, ಯಾರೂ ಇಲ್ಲದ ಮನೆಯ ನೆಲದ ಮೇಲೆ ನೀವೊಬ್ಬರೇ ಮಲಗಿ ಗುಂಡಿ ಒತ್ತಿ ಕಾದು ನೋಡಿ. ಅಂಥ ಮನೆ ಸಿಗದಿದ್ದರೆ ನನ್ನದಿದೆ. ನಾನು ಹೊರಗೆ ನಿಂತಿರುತ್ತೇನೆ.

ಇಂತಿ,
ಸದ್ಯಕ್ಕೆ ಫೋನ್ ಎತ್ತುವವರೊಬ್ಬರಿರುವ
ಕೆಳಮನೆಯ ನಿವೃತ್ತ ಮೇಷ್ಟ್ರು