ಕತ್ತು ಬಾಗಿದ ಸ್ಪ್ಯಾನರು

ಮಂಗಳವಾರ, ಹದಿನಾಲ್ಕನೇ ತಾರೀಖು

ಮೊಮ್ಮಗಳೇ, ಮತ್ತೆ ನನ್ನ ದಿನಚರಿ ಪುಸ್ತಕಕ್ಕೆ ಕೈ ಹಾಕಿದೆಯಾ? ನಾಚಿಕೆ ಇಲ್ಲದವಳೇ! ಹಾಕಿದ್ದೀಯಲ್ಲ, ಇನ್ನು ಪೂರ್ತಿ ಓದು.

ನಿನ್ನ ತಾತನ ಪೆಟ್ಟಿಗೆಯ ಹಳೇ ಸ್ಪ್ಯಾನರುಗಳನ್ನು ನಿಮ್ಮಪ್ಪ ಒರೆಸಿ, ಯಾವ ಕಂಪನಿಯದೆಂದು ಗುರುತು ಹಿಡಿದು, ಗೋಡೆಗೆ ಸಾಲಾಗಿ ನೇತುಹಾಕುತ್ತಿದ್ದಾರಲ್ಲ, ಇವತ್ತು ಕತ್ತು ಬಾಗಿದ ಒಂದನ್ನು ಎತ್ತಿ ಗುಜರಿ ಡಬ್ಬಕ್ಕೆ ಎಸೆದರು.

"ಯಾರೋ ಕೈಲಾಗದವನು ಹಾಳು ಮಾಡಿದಾನೆ ಅತ್ತೆ."

ಮೈಯೆಲ್ಲ ಉರಿದುಹೋಯಿತು. "ಆ ಕೈಲಾಗದವನು ನಾನೇ ಕಣ್ರೀ ಅಳಿಯಂದಿರೇ," ಎಂದೆ.

ನಕ್ಕರು. ಷೆಡ್ಡಿನಲ್ಲಿರುವ ತಾತನ ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಸ್ಟಾರ್ಟರ್ ಮೋಟರಿನ ಹಿಂದಿನ ನಟ್ಟು ಬಿಚ್ಚಿ ನೋಡೋಣ ಎಂದೆ. ನೆಟ್ಟಗಿರುವ ಸ್ಪ್ಯಾನರು ಒಂದೂ ಆ ಸಂದಿಯಲ್ಲಿ ತಿರುಗಲಿಲ್ಲ. ಬೆರಳು ತರಚಿಕೊಂಡಿದ್ದೇ ಬಂತು. ಬಾಗಿದ್ದನ್ನು ಕೈಗಿಟ್ಟೆ. ಒಂದೇ ತಿರುವಿಗೆ ಕಿರ್ರೆಂದು ಸಡಿಲವಾಯಿತು!

ಹಿಂದೊಮ್ಮೆ ಇದೇ ನಟ್ಟು ಬಿಚ್ಚಲೆಂದು ಕೆಂಪಗೆ ಕಾಯಿಸಿದ ಸ್ಪ್ಯಾನರನ್ನು ಇಕ್ಕಳದಲ್ಲಿ ಹಿಡಿದವರು ತಾತ, ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದವಳು ನಾನು. ನಾನು ಎಡಚಿ. ಏಟಿನ ಗುರುತುಗಳು ಇವತ್ತಿಗೂ ಎಡಕ್ಕೇ ವಾಲಿವೆ.

"ತಪ್ಪಾಯ್ತು ಅತ್ತೆ. ಇದು ಗೋಡೆ ಮಧ್ಯಕ್ಕೇ ಬರ್ಲಿ."

ಬಂತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಕೆಲಸ ಕಂಪನಿ ಮಾಲಿನ ನಡುವೆ ಎಷ್ಟು ಠೀವಿಯಿಂದ ನೇತಾಡುತ್ತಿದೆ! ಕಣ್ಣು ಎಳೆಯುತ್ತಿದೆ, ನಗು ಮಾತ್ರ ನಿಲ್ಲುತ್ತಿಲ್ಲ.

ಒಂದೇ ಕೊರತೆ. ಎಲ್ಲದರ ಕೆಳಗೂ ಮಾಡಿದವರ ಹೆಸರಿನ ಚೀಟಿ ಇದೆ, ಇದರ ಕೆಳಗಿಲ್ಲ. ಚೀಟಿ ಬರೆಯುವವಳು ನೀನು. ನನ್ನ ಹೆಸರು ದೊಡ್ಡದಾಗಿ ಬರೆದು ಅಂಟಿಸು. ಅಂಟಿಸಿದೆಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ಇದೇ ಪುಟದ ಕೆಳಗೆ ಉತ್ತರ ಬರೆ.