ನನ್ನ ಪ್ರಾರ್ಥನೆ, ನಿಮ್ಮ ದನಿ

ಸೋಮವಾರ, ಬೆಳಿಗ್ಗೆ

ರೀ,

ನೀವು ಪಕ್ಕದ ಕೋಣೆಯಲ್ಲೇ ಕೂತು ಪೇಪರ್ ಓದುತ್ತಿದ್ದೀರಿ. ನಾನು ಅಡುಗೆಮನೆಯಲ್ಲಿ ಕೂತು ನಿಮಗೆ ಕಾಗದ ಬರೆಯುತ್ತಿದ್ದೇನೆ. ಮಾತಾಡಲು ಡಾಕ್ಟರ ಅಪ್ಪಣೆ ಸಿಗಲು ಇನ್ನೂ ಎಂಟು ದಿನ ಇದೆ. ಅಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದು.

ಮದುವೆಗೆ ಮುಂಚೆಯೇ ನೀವು ಹೇಳಿಬಿಟ್ಟಿದ್ದಿರಿ: "ನಿನ್ನ ದೇವರಿಗೆ ನಾನು ಅಡ್ಡ ಬರಲ್ಲ. ನನ್ನನ್ನ ಮಾತ್ರ ಅಲ್ಲಿಗೆ ಎಳೀಬೇಡ." ಮೂವತ್ತೊಂದು ವರ್ಷ ಇಬ್ಬರೂ ಮಾತು ಉಳಿಸಿಕೊಂಡೆವು. ನಾನು ಗಟ್ಟಿಯಾಗಿ ಪ್ರಾರ್ಥನೆ ಹೇಳುವಾಗ ನೀವು ರೇಡಿಯೋ ಸಣ್ಣಗೆ ಮಾಡುತ್ತಿದ್ದಿರಿ, ಅಷ್ಟೇ.

ಗಂಟಲಿನ ಗಂಟು ತೆಗೆದ ಮೂರನೆಯ ದಿನ ಆಸ್ಪತ್ರೆಯಲ್ಲಿ ಪ್ರಾರ್ಥನೆಯ ಪುಸ್ತಕ ತೆರೆದೆ. ಪಿಸುಗುಡುವುದೂ ಬೇಡ ಎಂದಿದ್ದರು. ಮನಸ್ಸಿನಲ್ಲೇ ಓದಿ ಅಭ್ಯಾಸವಿಲ್ಲ, ಅಳು ಬಂತು. ಪ್ರೆಸ್ಸಿನಿಂದ ನೇರ ಬಂದಿದ್ದ ನೀವು ಏನೂ ಕೇಳದೆ ಪುಸ್ತಕ ತೆಗೆದುಕೊಂಡು, ಸ್ಟೂಲಿನ ಮೇಲೆ ಕೂತು ಓದತೊಡಗಿದಿರಿ. ಕರಡು ತಿದ್ದುವವರ ಓದು! ಅಲ್ಪವಿರಾಮ ಬಂದಲ್ಲೆಲ್ಲ ನಿಲ್ಲುತ್ತಿದ್ದಿರಿ. 'ಕುರುಣೆ' ಎಂದು ತಪ್ಪಾಗಿ ಅಚ್ಚಾಗಿದ್ದು ಕಂಡು ಕೆಂಪು ಪೆನ್ನು ತೆಗೆದಿರಿ. ಕೈಗೆ ಹೊಡೆದೆ. ಮರುದಿನ ನೋಡಿದರೆ ತಿದ್ದಿಯೇ ಇತ್ತು.

ಅಕ್ಕ ನೋಡಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ನಂಬಿಕೆ ಇಲ್ಲದೋರು ಓದಿದ್ರೆ ದೇವರಿಗೆ ಮುಟ್ಟುತ್ತಾ? ಕೊಡಿ ಇಲ್ಲಿ, ನಾನು ಓದ್ತೀನಿ" ಎಂದಳು.

"ಮುಟ್ಟುತ್ತೋ ಇಲ್ವೋ ನನಗೆ ಗೊತ್ತಿಲ್ಲ ಅತ್ತಿಗೆ. ಇವಳಿಗೆ ಕೇಳಿಸಿದ್ರೆ ಸಾಕು" ಎಂದಿರಿ. ಅವಳು ಕೈಚಾಚಿದಳು. ನಾನು ಪುಸ್ತಕವನ್ನು ನಿಮ್ಮ ಕಡೆಗೇ ತಳ್ಳಿದೆ. ಅಕ್ಕನ ಮಾತು ಮೀರಿದ್ದು ಅದೇ ಮೊದಲು.

ಅಂದಿನಿಂದ ನೀವು ಓದುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೆ ಗಂಟು ಕೆಟ್ಟದ್ದಲ್ಲ ಎಂದು ರಿಪೋರ್ಟು ಬಂತು. ನಾನು ಸ್ಲೇಟಿನ ಮೇಲೆ, "ಈಗಲಾದರೂ ನಂಬುತ್ತೀರಾ?" ಎಂದು ಬರೆದೆ. ನೀವು ಅದನ್ನು ಎರಡು ಸಲ ಓದಿ, "ಇಲ್ಲ ಕಣೇ. ನಿನ್ನ ಹತ್ರ ಸುಳ್ಳು ಹೇಳಲಾರೆ. ಆದ್ರೆ ಓದ್ತಾ ಓದ್ತಾ, ಇದು ನಿಜವಾಗಿದ್ರೆ ಚೆನ್ನಾಗಿರ್ತಿತ್ತು ಅಂತ ಒಂದೆರಡು ಸಲ ಅನ್ನಿಸ್ತು" ಎಂದಿರಿ.

ಹಾಸಿಗೆ ಹಿಡಿದ ಹೆಂಡತಿಯನ್ನು ಖುಷಿಪಡಿಸಲು 'ಹೂಂ' ಎಂದುಬಿಡಬಹುದಿತ್ತು. ನೀವು ನಿಮ್ಮನ್ನೂ ಬಿಟ್ಟುಕೊಡಲಿಲ್ಲ, ನನ್ನನ್ನೂ ಕೈಬಿಡಲಿಲ್ಲ. ಆ ಉಪಕಾರಕ್ಕೆ ಏನು ಹೇಳಲಿ? ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎನ್ನುವುದೊಂದೇ ನನಗೆ ಗೊತ್ತಿರುವ ಮಾತು. ಅದನ್ನು ಬೇಸರವಿಲ್ಲದೆ ಇಟ್ಟುಕೊಳ್ಳಿ.

ಸದ್ಯಕ್ಕೆ ಬಾಯಿ ಮುಚ್ಚಿರುವ,
ನಿಮ್ಮ ವಾಚಾಳಿ

ಮತ್ತೊಂದು ಮಾತು: ರಿಪೋರ್ಟಿಗಾಗಿ ಕಾಯುತ್ತಿದ್ದ ಆ ಎರಡು ವಾರ ನನ್ನ ನಂಬಿಕೆಯೇ ಹೊರಟುಹೋಗಿತ್ತು. ಮೇಲೆ ಕೇಳುವವರು ಯಾರೂ ಇಲ್ಲ ಅನ್ನಿಸುತ್ತಿತ್ತು. ಹೇಳಿದರೆ ನೀವು ಓದುವುದನ್ನು ನಿಲ್ಲಿಸಿಬಿಡುತ್ತೀರಿ ಎಂದು ಹೆದರಿ, ಕಣ್ಣುಮುಚ್ಚಿ, ಭಕ್ತಿಯಿಂದ ಕೇಳುತ್ತಿರುವವಳ ಹಾಗೆ ಮಲಗಿದ್ದೆ. ಈಗ ನಂಬಿಕೆ ಮರಳಿದೆ, ಮೊದಲಿನ ಜೋರು ಮಾತ್ರ ಇಲ್ಲ. ಅಕ್ಕನಿಗೆ ಹೇಳಬೇಡಿ.