ಮಜ್ರಾ ಮಂಜಿಲ್

ಜುಲೈ 10, ಗುರುವಾರ. ಬೆಳಿಗ್ಗೆ 11

ಓದುತ್ತಿರುವುದು ಯಾರು? ಮುಚ್ಚು ಪುಸ್ತಕ. ನಾಚಿಕೆಯಿಲ್ಲದವಳೇ, ಅಜ್ಜಿ ಬರೆದದ್ದಕ್ಕೆ ಮೊಬೈಲ್ ಹಿಡಿಯುತ್ತೀಯಾ? ನಿನ್ನೆ ನೋಡಿದ್ದೇನೆ ನಾಫಿಯಾ. ಫೋಟೋ ತೆಗೆದರೆ ಮೊಬೈಲೇ ಇಂಗ್ಲಿಷ್ ಮಾಡಿ ಕೊಡುತ್ತದಂತೆ. ನಾಲ್ಕನೇ ಕ್ಲಾಸಿನ ನನ್ನ ಅಕ್ಷರ ನಿನ್ನ ಉಮ್ಮನಿಗೇ ಓದಲಾಗುವುದಿಲ್ಲ. ಆದರೂ ಮುಚ್ಚು.

ಅಕ್ಕಿತರಿಯ ಪುಂಡಿ ಬೇಯಲು ಇಟ್ಟಾಯಿತು. ಹೊರಗೆ ಕಾಲಿಡುವಂತಿಲ್ಲ. ಅಬುಧಾಬಿಯ ರುವೈಸಿನಲ್ಲಿ ಅಳಿಯನ ಕಂಪೆನಿ ಕೊಟ್ಟ ಈ ಮನೆಯ ಬಾಗಿಲಿನ ಹಿಡಿಯೂ ಸುಡುತ್ತದೆ.

ಶಮೀನಾ ಇವತ್ತೂ ಶುರು ಮಾಡಿದಳು. "ಉಮ್ಮ, ಉಪ್ಪನ ಹತ್ತಿರ ಒಮ್ಮೆ ಮಾತಾಡಿ." ಅಪ್ಪನ ಪರ ಮಾತಾಡುವವಳು ಮಗಳಾದರೇನು, ಆಗುವುದಿಲ್ಲ ಎಂದೆ. ನನಗೂ ಇವರಿಗೂ ಇಬ್ಬರಿಗೂ ವೀಸಾ ಬಂದಿತ್ತು. ಹೊರಡುವ ಹಿಂದಿನ ದಿನ ಇವರು, "ನಾನು ಬರುವುದಿಲ್ಲ, ಆ ದೇಶ ನೋಡಿ ಸಾಕಾಗಿದೆ" ಎಂದರು. ಇಪ್ಪತ್ತೆರಡು ವರ್ಷ ಒಬ್ಬರೇ ನೋಡಿದ್ದನ್ನು ನನ್ನ ಜೊತೆ ಎರಡು ತಿಂಗಳು ನೋಡಲಿಕ್ಕೆ ಏನು ಕಷ್ಟ? ಮಾತು ಬಿಟ್ಟು ಮೂವತ್ತೊಂದು ದಿನ.

ಮಜ್ರಾ ಕಂಪೆನಿಯಲ್ಲಿದ್ದ ಗಂಡ ಎಂದು ಊರಿಡೀ ಹೇಳಿಕೊಂಡು ತಿರುಗಿದವಳು ನಾನು. ಮನೆಗೆ ಹೆಸರಿಟ್ಟದ್ದೂ ನಾನೇ — ಮಜ್ರಾ ಮಂಜಿಲ್. ಗೇಟಿಗೆ ಬೋರ್ಡು ಹಾಕಿದ ದಿನ ಇವರು ಕೆಮ್ಮು ಬರುವಷ್ಟು ನಕ್ಕರು. ಸಂತೋಷಕ್ಕೆ ಎಂದುಕೊಂಡೆ.

ಜುಲೈ 12, ಶನಿವಾರ. ಸಂಜೆ 6

ಬೆಳಿಗ್ಗೆ ಕಾರಿನಲ್ಲಿ ಅಳಿಯ ರಮೀಝ್ ಹೇಳಿದ, "ಮಾಮಿ, ಇವತ್ತು ಲಿವಾದಲ್ಲಿ ಒಂದು ಮಜ್ರಾಕ್ಕೆ ಹೋಗುವ."

"ಮಾವನ ಆಫೀಸಿಗಾ? ಶನಿವಾರ ತೆರೆದಿರ್ತದಾ?"

ನಾಫಿಯಾ ನಕ್ಕಳು. "ಅಜ್ಜೀ, ಮಜ್ರಾ ಮೀನ್ಸ್ ಫಾರ್ಮ್. ತೋಟ. ಅರೇಬಿಕ್ ವರ್ಡ್."

"ಯಾವ ಕಂಪೆನಿಯ ತೋಟ?"

"ಎನಿ ತೋಟ, ಅಜ್ಜಿ."

ರಮೀಝ್ ಎಸಿ ಜೋರು ಮಾಡಿದ. ಶಮೀನಾ ಕಿಟಕಿಯ ಹೊರಗೆ ನೋಡಿದಳು, ಅಲ್ಲಿ ಮರಳು ಬಿಟ್ಟರೆ ಏನಿತ್ತು?

ತೋಟವೇ ಹೌದು. ಸಾಲು ಸಾಲು ಖರ್ಜೂರದ ಮರ. ಗೊನೆಗಳಿಗೆ ಬಲೆಯ ಚೀಲ ಕಟ್ಟಿದ್ದಾರೆ. ಹತ್ತು ಗಂಟೆಗೇ ಚಪ್ಪಲಿಯ ಅಡಿ ಮೆತ್ತಗಾಯಿತು. ನೆರಳಿನಲ್ಲಿ ಚಾಪೆ, ಕೊಡದಲ್ಲಿ ತಣ್ಣೀರು. ಕೆಲಸದವನ ಹೆಸರು ಇಸ್ಮಾಯಿಲ್, ಪೇಶಾವರದವನು. ನಮ್ಮಲ್ಲಿ ತೆಂಗಿನ ಮರ ಹತ್ತುವವರು ಕಾಲಿಗೆ ತಳೆ ಹಾಕುತ್ತಾರೆ. ಇವನು ಮರವನ್ನೂ ತನ್ನ ಬೆನ್ನನ್ನೂ ಸೇರಿಸಿ ಒಂದು ಅಗಲ ಹಗ್ಗದ ಪಟ್ಟಿ ಸುತ್ತಿಕೊಂಡ. ಮೈಭಾರವೆಲ್ಲ ಆ ಪಟ್ಟಿಗೆ ಒರಗಿಸಿ ಹತ್ತಿದ. ಗೊನೆ ಇಳಿಸಿ ಬಂದು, ಅಂಗಿ ಎತ್ತಿ ಮುಖ ಒರೆಸಿಕೊಂಡ.

ಸೊಂಟದ ಮೇಲೆ ಅಡ್ಡಕ್ಕೆ, ನಾಲ್ಕು ಬೆರಳಗಲ, ಕಪ್ಪಗೆ ದಡ್ಡುಗಟ್ಟಿದ ಚರ್ಮ.

ಆ ಗುರುತು ನನಗೆ ಗೊತ್ತು. ಇವರು ರಜೆಗೆ ಬಂದಾಗಲೆಲ್ಲ ನಾನೇ ಎಣ್ಣೆ ತಿಕ್ಕಿದ್ದೇನೆ. "ಎಂತ ಇದು?" ಎಂದರೆ, "ಆಫೀಸಿನ ಕುರ್ಚಿ ಒತ್ತುವುದು ಮಾರಾಯ್ತಿ" ಎನ್ನುತ್ತಿದ್ದರು. ಆ ಕುರ್ಚಿಗೆ ನಾನು ಹಾಕದ ಶಾಪವಿಲ್ಲ. ನೀಲಿ ಬಟ್ಟೆಯಲ್ಲಿ ಹತ್ತಿ ತುಂಬಿ ಮೆತ್ತೆ ಹೊಲಿದು ಕಳಿಸಿದ್ದೆ, ಕುರ್ಚಿಗೆ ಹಾಕಿಕೊಳ್ಳಿ ಎಂದು.

"ನಿನಗೆ ಗೊತ್ತಿತ್ತಾ?" ಶಮೀನಾಳನ್ನು ಕೇಳಿದೆ.

"ಹೇಳಬಾರದು ಅಂತ ಉಪ್ಪ ಹೇಳಿದ್ರು. ಉಮ್ಮ ಬೋರ್ಡು ಬೇರೆ ಹಾಕಿಸಿ ಆಗಿದೆ ಅಂದ್ರು."

ಇಸ್ಮಾಯಿಲ್ ಒಂದು ಹಣ್ಣು ಕೊಟ್ಟ. ಅರ್ಧ ಹಳದಿ, ಅರ್ಧ ಕಂದು. ಹಳದಿ ಕಡೆ ಪೇರಳೆಕಾಯಿಯ ಹಾಗೆ ಗಟ್ಟಿ, ಕಂದು ಕಡೆ ಬೆಲ್ಲ. ಪ್ರತಿ ರಜೆಗೂ ಡಬ್ಬಿ ಡಬ್ಬಿ ತರುತ್ತಿದ್ದರು ಇವರು. ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಜುಲೈ 13

ಊರಿನಲ್ಲಿ ಪಕ್ಕದ ಮನೆಯ ಮುಬೀನಳಿಗೆ ಗೊತ್ತಿತ್ತೋ ಏನೋ. ಅವಳ ಗಂಡನೂ ಅಬುಧಾಬಿಯಲ್ಲಿದ್ದವರು. ಗೊತ್ತಿದ್ದೇ "ಮಜ್ರಾದವರು ಹೇಗಿದ್ದಾರೆ?" ಎಂದು ಕೇಳುತ್ತಿದ್ದಳೇ? ಮುಖ ನೆಟ್ಟಗೆ ಇಟ್ಟುಕೊಂಡು?

ಇವತ್ತು ಬೇರೇನೂ ಬರೆಯುವುದಿಲ್ಲ.

ಜುಲೈ 17, ಗುರುವಾರ. ಮಧ್ಯಾಹ್ನ

ಮೂರು ದಿನ ಸಿಟ್ಟಿನಲ್ಲೇ ಹೋಯಿತು. ಇವತ್ತು ಗೋಧಿಹಿಟ್ಟು ನಾದುವಾಗ ಕಿಟಕಿಯಿಂದ ಬಿಸಿಲು ನೋಡಿದೆ. ಹಿಟ್ಟು ಅಲ್ಲಿಗೇ ಬಿಟ್ಟೆ.

ನಾಫಿಯಾ, ಕದ್ದು ಓದುತ್ತಿದ್ದೀಯಲ್ಲ? ಒಳ್ಳೆಯದು. ಈ ಪುಟವನ್ನು ನೆಟ್ಟಗೆ ಫೋಟೋ ತೆಗೆದು ಅಜ್ಜನ ವಾಟ್ಸಾಪಿಗೆ ಕಳಿಸು. ಇಂಗ್ಲಿಷ್ ಮಾಡಿದರೆ ಕಿವಿ ಹಿಂಡುತ್ತೇನೆ. ಫೋನ್ ಮಾಡಿದರೆ ಅಜ್ಜ ಕೆಮ್ಮಿ ಮಾತು ತಪ್ಪಿಸುತ್ತಾರೆ. ಬರೆದದ್ದಕ್ಕೆ ಬರೆದೇ ಉತ್ತರ ಕೊಡಲಿ.

ಇನ್ನು ನಿಮಗೆ.

ಮಜ್ರಾ ನೋಡಿದೆ. ಹಗ್ಗವನ್ನೂ ನೋಡಿದೆ. ಸುಳ್ಳು ಹೇಳಿದ್ದಕ್ಕೆ ಬೈಗುಳ ಇದೆ, ಅದನ್ನು ಊರಿಗೆ ಬಂದ ಮೇಲೆ ಕೊಡುತ್ತೇನೆ. ನೀವು ಯಾಕೆ ನನ್ನ ಜೊತೆ ಬರಲಿಲ್ಲ ಎಂದು ಈಗ ಗೊತ್ತಾಯಿತು. ಬರಬಹುದಿತ್ತು. ನಾನು ನಗುತ್ತಿರಲಿಲ್ಲ. ನಾನು ಕೇಳಿದ್ದೇನಾದರೂ ಆಫೀಸು ಬೇಕೆಂದು? ಕೇಳಿದ್ದರೆ ಅದನ್ನೂ ಹೇಳಿ.

ನಾನು ಬಂದರೆ ಬೋರ್ಡು ಒಡೆದು ಹಾಕುತ್ತೇನೆ ಎಂದು ಹೆದರಿ ನೀವೇ ಇಳಿಸಲು ಹೋಗಬೇಡಿ. ಏಣಿ ಮುಟ್ಟಬೇಡಿ. ಹತ್ತಿದ್ದು ಸಾಕು. ತೋಟದವರ ಮನೆಗೆ ತೋಟದ ಮನೆ ಎಂದೇ ಹೆಸರು, ಅದರಲ್ಲಿ ಎಂತ ತಪ್ಪು? ಮುಬೀನಳಿಗೆ ನಾನೇ ಹೇಳಿಕೊಳ್ಳುತ್ತೇನೆ.

ಒಂದೇ ಒಂದು ತಿಳಿಯಬೇಕು. ಇಸ್ಮಾಯಿಲ್ ಹಗ್ಗಕ್ಕೂ ಬೆನ್ನಿಗೂ ನಡುವೆ ಹಳೆಯ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಾನೆ. ನಾನು ಹೊಲಿದ ಆ ನೀಲಿ ಮೆತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದಿರೋ, ಇಲ್ಲ ಹಾಳಾಗುತ್ತದೆಂದು ಪೆಟ್ಟಿಗೆಯಲ್ಲೇ ಇಟ್ಟಿರೋ? ನಿಮ್ಮ ಬುದ್ಧಿ ನನಗೆ ಗೊತ್ತು. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ. ಪೆಟ್ಟಿಗೆಯಲ್ಲಿ ಇಟ್ಟಿದ್ದೆ ಎಂದು ಮಾತ್ರ ಬರೆದರೆ—